ತಮ್ಮವರ ಬಗ್ಗೆ ಬರೆಯುವಾಗ



ಜನವರಿ 24, ಕಥೋಲಿಕ ಪಂಚಾಂಗದ ಪ್ರಕಾರ ಸಂತ ಫ್ರಾನ್ಸಿಸ್ ದ ಸೇಲ್ಸ್ ಅವರ ಹಬ್ಬ. ಇವರು ಪತ್ರಕರ್ತರ ಪಾಲಕ ಸಂತರು. ಈ ಮಾತು ಕೇಳಿ ನಮ್ಮ ಪತ್ರಿಕಾ ಕಚೇರಿಗಳಲ್ಲಿ ಕೆಲವರಾದರೂ ನಕ್ಕಾರು. ಈ ಕಸುಬಿನವರನ್ನು ಕಾಯಲು ಒಬ್ಬ ಸಂತ ಸಾಕೇ ಎಂದೂ ಕೇಳಿಯಾರು. 1923ರಲ್ಲಿ ಪೋಪ್ ಹನ್ನೊಂದನೆಯ ಪಯಸ್ ಇವರಿಗೆ ಈ ಹೊಣೆ ಒಪ್ಪಿಸಿದರು. ಅದಕ್ಕೊಂದು ಹಿನ್ನೆಲೆಯಿದೆ. 16ನೆಯ ಶತಮಾನ ಮುಗಿಯುತ್ತಿದ್ದ ಕಾಲ. ಜಿನೀವಾ ಸರೋವರದ ದಕ್ಷಿಣಕ್ಕಿರುವ ಶಾಬ್ಲೆ ಎಂಬ ಸೀಮೆಯ ಜನ ರೋಮಿನ ಸಭೆಯನ್ನು ಬಿಟ್ಟು ಕ್ಯಾಲ್ವಿನನ ಪಂಥ ಹಿಡಿದಿದ್ದರು. ಅವರನ್ನು ಮರಳಿ ಕರೆತರಲು ಹೋದ ಯುವ ಪಾದ್ರಿ ಫ್ರಾನ್ಸಿಸ್ ಬೋಧನೆಗೆ ನಿಂತರೆ ಕೇಳುವವರೇ ಇಲ್ಲ. ಕಿವಿ ಸಿಗದಿದ್ದರೆ ಕಣ್ಣಾದರೂ ಸಿಗಲಿ ಎಂದು ಅವರು ಹೇಳಬೇಕಾದದ್ದನ್ನು ಹಾಳೆಗಳಲ್ಲಿ ಬರೆದು ಮನೆಮನೆಯ ಬಾಗಿಲ ಸಂದಿಯಲ್ಲಿ ತೂರಿಸತೊಡಗಿದರು.

ಇದು ಪತ್ರಿಕೋದ್ಯಮವೇ? ಅಲ್ಲ ಎಂದೇ ನನ್ನ ಉತ್ತರ. ಅದು ಕರಪತ್ರ. ಬರೆದವರಿಗೆ ಒಂದು ಪಕ್ಷವಿತ್ತು, ಗೆಲ್ಲಬೇಕಾದ ವಾದವಿತ್ತು. ಆದರೆ ನಮ್ಮ ಕನ್ನಡ ಪತ್ರಿಕೆಯ ಹುಟ್ಟೇನು ಬೇರೆಯೇ? 1843ರ ಜುಲೈ 1ರಂದು ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಕಲ್ಲಚ್ಚಿನಲ್ಲಿ ಮುದ್ರಿಸಿ ಹೊರತಂದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ಆ ದಿನವನ್ನೇ ನಾವು ಪತ್ರಿಕಾ ದಿನವೆಂದು ಆಚರಿಸುತ್ತೇವೆ. ಮೊಗ್ಲಿಂಗ್ ಜರ್ಮನಿಯಿಂದ ಇಲ್ಲಿಗೆ ಬಂದದ್ದು ಮತಪ್ರಚಾರಕ್ಕೆ; ಅದನ್ನವರು ಮುಚ್ಚಿಟ್ಟವರೂ ಅಲ್ಲ. ಹಾಗಿದ್ದೂ ಆ ಪಾಕ್ಷಿಕದಲ್ಲಿ ಊರ ವರ್ತಮಾನ ಬಂತು, ಸರಕಾರದ ನಿರೂಪಗಳು ಬಂದವು, ಪರರಾಜ್ಯದ ಸುದ್ದಿ ಬಂತು, ಕಥೆಗಳೂ ಬಂದವು. ಮರುವರ್ಷ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು.

ಹೀಗಾಗಿ ಪಕ್ಷವೇ ಇಲ್ಲದ ಮನುಷ್ಯ ಬರೆದರೆ ಮಾತ್ರ ಸತ್ಯ ಎನ್ನುವುದಾದರೆ ನಮಗೆ ಮೊದಲ ಪತ್ರಿಕೆಯೂ ಉಳಿಯುವುದಿಲ್ಲ, ಇವತ್ತಿನದೂ ಉಳಿಯುವುದಿಲ್ಲ. ಬರೆಯುವವನಿಗೆ ಒಂದು ಮನೆ, ಒಂದು ಊರು, ಒಂದು ನಂಬಿಕೆ ಇದ್ದೇ ಇರುತ್ತದೆ. ಆ ತನ್ನವರ ಬಗ್ಗೆ ಬರೆಯಬೇಕಾಗಿ ಬಂದಾಗ ಅವನು ಏನು ಮಾಡುತ್ತಾನೆ ಎನ್ನುವಲ್ಲಿ ಅವನ ಮಾತಿನ ತೂಕ ಗೊತ್ತಾಗುತ್ತದೆ. ಕ್ರೈಸ್ತ ನಂಬಿಕೆಗೂ ಪತ್ರಿಕೆಯ ಸತ್ಯಕ್ಕೂ ಇರುವ ಹತ್ತಿರದ ನಂಟು ಇಲ್ಲಿದೆ ಎಂದು ನನಗೆ ತೋರುತ್ತದೆ. ನಾನು ಚರ್ಚಿಗೆ ಹೋಗುವವನಲ್ಲ. ಸುದ್ದಿಮನೆಯ ಡೆಸ್ಕಿನಲ್ಲಿ ಕುಳಿತು ಬೇರೆಯವರ ವರದಿ ತಿದ್ದಿ ಬಂದವನು. ಬೈಬಲನ್ನೂ ಆ ಕಣ್ಣಿನಿಂದಲೇ ಓದಿದವನು. ಭಕ್ತರಾದ ಕೇಳುಗರು ಅಷ್ಟು ರಿಯಾಯಿತಿ ಕೊಡಬೇಕು.

ಯೇಸುವಿನ ಶಿಲುಬೆಯ ಬಳಿ ನಾವ್ಯಾರೂ ನಿಂತಿರಲಿಲ್ಲ. ನಿನ್ನೆ ಕಲಬುರಗಿಯಲ್ಲಿ ನಡೆದ ಯಾವುದೋ ಸಭೆಯಲ್ಲೂ ನಮ್ಮಲ್ಲಿ ಬಹುಮಂದಿ ಇರಲಿಲ್ಲ. ಎರಡನ್ನೂ ನಂಬುವುದು ಇನ್ನೊಬ್ಬರು ಕಂಡು ಹೇಳಿದರೆಂದು. ಆದ್ದರಿಂದಲೇ ಮೋಶೆಯ ಧರ್ಮಶಾಸ್ತ್ರದಲ್ಲಿ ಸುಳ್ಳುಸಾಕ್ಷಿಗೆ ಪ್ರತ್ಯೇಕವಾದ ಒಂದು ಆಜ್ಞೆಯೇ ಇದೆ. ಒಬ್ಬನ ಮಾತಿನ ಮೇಲೆ ಯಾರನ್ನೂ ಶಿಕ್ಷಿಸಬಾರದು, ಎರಡು ಮೂರು ಸಾಕ್ಷಿಗಳು ಬೇಕು ಎಂಬ ಕಟ್ಟಳೆಯೂ ಇದೆ. ಇನ್ನೊಂದು ಮೂಲದಿಂದ ಖಚಿತಪಡಿಸಿಕೊಂಡೆಯಾ ಎಂದು ಮುಖ್ಯ ಉಪಸಂಪಾದಕರು ಕೇಳುವುದು ಅದನ್ನೇ.

ಲೂಕ ತನ್ನ ಶುಭಸಂದೇಶವನ್ನು ತೆರೆಯುವ ಬಗೆಯನ್ನು ನೋಡಿ. ದೇವದೂತರು ಆಮೇಲೆ ಬರುತ್ತಾರೆ. ಮೊದಲು ಬರುವುದು ಒಂದು ಒಣ ಟಿಪ್ಪಣಿ. ಈ ಸಂಗತಿಗಳನ್ನು ತನಗಿಂತ ಮುಂಚೆ ಹಲವರು ಬರೆದಿದ್ದಾರೆ, ಮೊದಲಿನಿಂದ ಕಣ್ಣಾರೆ ಕಂಡವರು ಅವನ್ನು ತಿಳಿಸಿದ್ದಾರೆ, ತಾನೂ ಎಲ್ಲವನ್ನೂ ಬುಡದಿಂದ ವಿಚಾರಿಸಿ ಕ್ರಮವಾಗಿ ಬರೆಯುತ್ತಿದ್ದೇನೆ ಎಂದು ಥೆಯೊಫಿಲನೆಂಬ ಮಾನ್ಯನಿಗೆ ಅರಿಕೆ ಮಾಡಿಕೊಳ್ಳುತ್ತಾನೆ. ಯಾರನ್ನು ಆಧರಿಸಿ ಬರೆದೆ ಎಂಬುದನ್ನೂ, ತಾನು ಸ್ವತಃ ಕಂಡವನಲ್ಲ ಎಂಬುದನ್ನೂ ಮೊದಲಿಗೇ ಒಪ್ಪಿಕೊಂಡ ಬರಹ ಅದು. ಇವತ್ತು ಟಿ.ವಿ.ಯಲ್ಲಿ ‘ಬಲ್ಲ ಮೂಲಗಳ ಪ್ರಕಾರ’ ಎಂದು ತೊಡಗುವ ಎಷ್ಟು ಸುದ್ದಿಗಳಿಗೆ ಈ ಸಂಕೋಚವಿದೆ?

ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ನಾಲ್ಕು ಶುಭಸಂದೇಶಗಳು ಒಂದಕ್ಕೊಂದು ಪೂರ್ತಿ ಹೊಂದುವುದಿಲ್ಲ. ಸಮಾಧಿಯ ಬಳಿ ಮತ್ತಾಯನಿಗೆ ಒಬ್ಬ ದೂತ, ಯೊಹಾನನಿಗೆ ಇಬ್ಬರು. 2ನೆಯ ಶತಮಾನದಲ್ಲಿ ತಾತಿಯಾನ ಎಂಬ ವಿದ್ವಾಂಸ ನಾಲ್ಕನ್ನೂ ಹೆಣೆದು, ಎದ್ದು ಕಾಣುವ ತೊಡಕುಗಳನ್ನು ನಿವಾರಿಸಿ ಒಂದೇ ಕಥನ ಮಾಡಿದ. ಒಳ್ಳೆಯ ಉಪಸಂಪಾದಕ ಮಾಡುವ ಕೆಲಸವೇ! ಸಿರಿಯಾದ ಕಡೆಯ ಚರ್ಚುಗಳಲ್ಲಿ ಆ ಪುಸ್ತಕ ಶತಮಾನಗಳ ಕಾಲ ಓದಿಸಿಕೊಂಡಿತು. ಆದರೆ 5ನೆಯ ಶತಮಾನದಲ್ಲಿ ತಿಯೊಡೊರೆಟ್ ಎಂಬ ಬಿಷಪ್ ತಮ್ಮ ಸೀಮೆಯಲ್ಲಿದ್ದ ಅದರ 200ಕ್ಕೂ ಹೆಚ್ಚು ಪ್ರತಿಗಳನ್ನು ಒಟ್ಟುಮಾಡಿ ತೆಗೆಸಿ, ಆ ಜಾಗಕ್ಕೆ ನಾಲ್ಕನ್ನೂ ಬೇರೆಬೇರೆಯಾಗಿ ಇರಿಸಿದರು. ಅವರ ಕಾರಣ ಬೇರೆ ಇತ್ತು. ತಾತಿಯಾನ ಪಾಷಂಡಿ ಎಂಬ ಸಿಟ್ಟು. ಕಾರಣ ಏನೇ ಇರಲಿ, ಫಲ ಮಾತ್ರ ಒಳ್ಳೆಯದೇ ಆಯಿತು. ಹೊಂದದ ಸಾಕ್ಷ್ಯಗಳು ಹೊಂದದೆಯೇ ನಮ್ಮ ತನಕ ಬಂದವು.

ಬಂದವುಗಳಲ್ಲಿ ಏನಿದೆ? ಸಭೆಯ ಮೊದಲ ಮುಖಂಡ ಪೇತ್ರ, ಒಬ್ಬ ಕೆಲಸದ ಹುಡುಗಿಯ ಮುಂದೆ ಹೆದರಿ, ತನಗೂ ಯೇಸುವಿಗೂ ಸಂಬಂಧವಿಲ್ಲ ಎಂದದ್ದು ನಾಲ್ಕರಲ್ಲೂ ಇದೆ. ಬರೆಯುವ ಹೊತ್ತಿಗೆ ಪೇತ್ರ ದೊಡ್ಡ ಹೆಸರು. ಆ ಪ್ರಸಂಗವನ್ನು ಬಿಟ್ಟುಬಿಡಬಹುದಿತ್ತು; ನಾಲ್ವರಲ್ಲಿ ಒಬ್ಬನೂ ಬಿಡಲಿಲ್ಲ. ಬರಿದಾದ ಸಮಾಧಿಯ ಸುದ್ದಿ ತಂದವರು ಹೆಂಗಸರು. ಹೆಂಗಸರ ಸಾಕ್ಷ್ಯಕ್ಕೆ ಆ ಕಾಲದ ನ್ಯಾಯಸ್ಥಾನದಲ್ಲಿ ಹೆಚ್ಚಿನ ಬೆಲೆಯಿರಲಿಲ್ಲ. ಶಿಷ್ಯರೇ ಅದನ್ನು ಹುಚ್ಚುಮಾತೆಂದು ತಳ್ಳಿಹಾಕಿದರೆಂದು ಲೂಕನೇ ಬರೆದಿದ್ದಾನೆ. ಕಥೆ ಕಟ್ಟುವವರು ತಮ್ಮ ಮುಖಂಡರನ್ನು ಇಷ್ಟು ದಡ್ಡರನ್ನಾಗಿ, ಇಷ್ಟು ಹೇಡಿಗಳನ್ನಾಗಿ ಚಿತ್ರಿಸುತ್ತಾರೆಯೇ? ಇದರಿಂದ ಪುನರುತ್ಥಾನ ಸಿದ್ಧವಾಯಿತೆಂದು ನಾನು ವಾದಿಸುತ್ತಿಲ್ಲ. ಬರೆದವರಿಗೆ ತಮ್ಮವರ ಮಾನಕ್ಕಿಂತ ಕೇಳಿಸಿಕೊಂಡ ಸಂಗತಿ ದೊಡ್ಡದಾಗಿತ್ತು ಎಂದಷ್ಟೇ ಹೇಳುತ್ತಿದ್ದೇನೆ.

ಹೋಲಿಕೆ ಇಲ್ಲೊಂದು ಕಡೆ ಕಡಿದುಹೋಗುತ್ತದೆ, ಅದನ್ನೂ ಹೇಳಬೇಕು. ಗಾಯದಲ್ಲಿ ಬೆರಳಿಟ್ಟು ನೋಡದೆ ನಂಬಲಾರೆ ಎಂದ ತೋಮನಿಗೆ ಯೇಸು ಗಾಯ ತೋರಿಸುತ್ತಾನೆ. ಆದರೆ ಧನ್ಯರೆಂದು ಕರೆಯುವುದು ನೋಡದೆ ನಂಬಿದವರನ್ನು. ವರದಿಗಾರನಿಗೆ ಆ ಧನ್ಯತೆ ದಕ್ಕುವ ಹಾಗಿಲ್ಲ. ಅವನು ಕೊನೆಯ ತನಕ ತೋಮನೇ ಆಗಿರಬೇಕು. ಭಕ್ತನೂ ಆಗಿ ವರದಿಗಾರನೂ ಆದವನಿಗೆ ಈ ಜಾಗದಲ್ಲೇ ಕಾಲು ಜಾರುವುದು.

ಇಂಗ್ಲಿಷ್ ಪತ್ರಕರ್ತ ಮಾಲ್ಕಮ್ ಮಗರಿಜ್ ಅವರನ್ನು ತೆಗೆದುಕೊಳ್ಳಿ. 1932ರಲ್ಲಿ ‘ಮ್ಯಾಂಚೆಸ್ಟರ್ ಗಾರ್ಡಿಯನ್’ ಪತ್ರಿಕೆಗಾಗಿ ಮಾಸ್ಕೋಗೆ ಹೋದಾಗ ಅವರಿಗಿದ್ದದ್ದು ಬೇರೆ ನಂಬಿಕೆ: ಸೋವಿಯತ್ ದೇಶದಲ್ಲಿ ಹೊಸ ಮನುಷ್ಯ ಹುಟ್ಟುತ್ತಿದ್ದಾನೆ ಎಂಬುದು. ಉಕ್ರೇನಿನಲ್ಲಿ ಜನ ಹಸಿದು ಸಾಯುತ್ತಿದ್ದಾರೆಂಬ ಗುಸುಗುಸು ಕೇಳಿ, ಅಪ್ಪಣೆ ಕೇಳದೆ ರೈಲು ಹತ್ತಿ ಹೋಗಿ ನೋಡಿದರು. ಸರಕಾರವೇ ದವಸ ಹೊತ್ತೊಯ್ದು ಬರಿದುಮಾಡಿದ ಹಳ್ಳಿಗಳು, ಹೊಟ್ಟೆ ಊದಿದ ರೈತರು. ಸೆನ್ಸಾರಿನ ಕೈಗೆ ಸಿಗದಂತೆ ಬ್ರಿಟಿಷ್ ರಾಯಭಾರ ಕಚೇರಿಯ ಟಪಾಲು ಚೀಲದಲ್ಲಿ ವರದಿ ಕಳಿಸಿದರು. 1933ರ ಮಾರ್ಚ್ ಕೊನೆಯಲ್ಲಿ ಮೂರು ಕಂತಾಗಿ, ಹೆಸರಿಲ್ಲದೆ ಅದು ಅಚ್ಚಾಯಿತು. ಅದೇ ತಿಂಗಳು ‘ನ್ಯೂಯಾರ್ಕ್ ಟೈಮ್ಸ್’ನ ಮಾಸ್ಕೋ ಪ್ರತಿನಿಧಿ ವಾಲ್ಟರ್ ಡ್ಯುರಾಂಟಿ, ಹಸಿವಿದೆ, ಹಸಿವಿನ ಸಾವಿಲ್ಲ ಎಂಬರ್ಥದ ವರದಿ ಬರೆದ, ಹಿಂದಿನ ವರ್ಷವಷ್ಟೇ ಅವನಿಗೆ ಪುಲಿಟ್ಜರ್ ಪ್ರಶಸ್ತಿ ಬಂದಿತ್ತು. ಸತ್ತವರು ಹತ್ತಾರು ಲಕ್ಷ. ಮಗರಿಜ್ ನಂಬಿಕೆಗಿಂತ ಕಣ್ಣನ್ನು ನೆಚ್ಚಿದರು, ಎಡಪಂಥದ ಗೆಳೆಯರ ಮುನಿಸು ಕಟ್ಟಿಕೊಂಡರು.

ಇದೇ ಮಗರಿಜ್, ಈಗ ಕ್ರಿಸ್ತನ ಕಡೆಗೆ ವಾಲಿದ್ದವರು, 1969ರಲ್ಲಿ ಬಿ.ಬಿ.ಸಿ. ತಂಡದೊಂದಿಗೆ ಕೋಲ್ಕತ್ತಕ್ಕೆ ಬಂದರು. ಮದರ್ ತೆರೇಸಾ ಅವರ ಬಗ್ಗೆ ಸಾಕ್ಷ್ಯಚಿತ್ರ. ಸಾವಿನಂಚಿನವರಿಗಾಗಿ ಅವರು ಕಾಳಿಘಾಟಿನಲ್ಲಿ ನಡೆಸುತ್ತಿದ್ದ ‘ನಿರ್ಮಲ ಹೃದಯ’ದ ಒಳಗೆ ಕತ್ತಲು; ಇಲ್ಲಿ ಚಿತ್ರ ಮೂಡಲಾರದು ಎಂದುಕೊಂಡೇ ಕ್ಯಾಮೆರಾಮನ್ ಕೆನ್ ಮ್ಯಾಕ್‌ಮಿಲನ್ ಚಿತ್ರಿಸಿದರು. ಲಂಡನ್ನಿನಲ್ಲಿ ರೀಲು ತೊಳೆಸಿ ನೋಡಿದರೆ ಪ್ರತಿಯೊಂದು ಮುಖವೂ ತಿಳಿಬೆಳಕಿನಲ್ಲಿ ನಿಚ್ಚಳ. ಇದು ದೈವೀ ಪ್ರಭೆ, ಫಿಲ್ಮಿನ ಮೇಲೆ ಮೂಡಿದ ಪವಾಡ ಎಂದರು ಮಗರಿಜ್. ಆಮೇಲೆ ಪುಸ್ತಕದಲ್ಲೂ ಬರೆದರು. ಮ್ಯಾಕ್‌ಮಿಲನ್ ಮಾತ್ರ ಆ ಹೊತ್ತಿಗೆ ಕೊಡಾಕ್ ಕಂಪನಿಯನ್ನು ನೆನೆದಿದ್ದರಂತೆ. ಮಂದ ಬೆಳಕಿನಲ್ಲೂ ಚಿತ್ರ ಮೂಡಿಸುವ ಹೊಸ ಫಿಲ್ಮು ಆಗತಾನೆ ಬಂದಿತ್ತು. ಉಕ್ರೇನಿಗೆ ಹೋಗಿ ಬಂದಿದ್ದ ಮನುಷ್ಯ ಅಲ್ಲೇ ಇದ್ದ ಕ್ಯಾಮೆರಾಮನ್ನನ್ನು ಕೇಳಲಿಲ್ಲ. ಮದರ್ ತೆರೇಸಾ ಅವರ ಸೇವೆ ದೊಡ್ಡದೋ ಸಣ್ಣದೋ ಎಂಬುದು ಬೇರೆ ಚರ್ಚೆ. ಆ ಸೇವೆಗೆ ಈ ಪವಾಡದ ಊರುಗೋಲು ಬೇಕಿರಲಿಲ್ಲ ಎಂಬುದೇ ನನಗೆ ಬೇಸರ.

ಈ ವಿಷಯದಲ್ಲಿ ಚರ್ಚ್ ಒಮ್ಮೊಮ್ಮೆ ಭಕ್ತ ಪತ್ರಕರ್ತನಿಗಿಂತ ಹೆಚ್ಚು ಎಚ್ಚರ ತೋರಿಸಿದೆ. ಮದರ್ ತೆರೇಸಾ ಅವರಿಗೆ ಸಂತಪದವಿ ಕೊಡುವ ವಿಚಾರಣೆ ನಡೆದಾಗ, ಅವರನ್ನು ಕಟುವಾಗಿ ಟೀಕಿಸಿ ಪುಸ್ತಕ ಬರೆದಿದ್ದ ನಾಸ್ತಿಕ ಪತ್ರಕರ್ತ ಕ್ರಿಸ್ಟೋಫರ್ ಹಿಚನ್ಸ್ ಅವರನ್ನೇ ಕರೆಸಿ ವಿರುದ್ಧ ಸಾಕ್ಷ್ಯ ಪಡೆಯಿತು. ಹಿಂದೆ ಇದಕ್ಕೆಂದೇ ರೋಮಿನಲ್ಲಿ ಒಬ್ಬ ಅಧಿಕಾರಿ ಇರುತ್ತಿದ್ದ, ಜನ ಅವನನ್ನು ಸೈತಾನನ ವಕೀಲ ಎನ್ನುತ್ತಿದ್ದರು. ಹಿಚನ್ಸ್ ಆ ಕೆಲಸವನ್ನು ಸಂಬಳವಿಲ್ಲದೆ ಮಾಡಿದೆ ಎಂದು ನಗುತ್ತಿದ್ದರು.

ಈಗ ಇನ್ನೊಬ್ಬರ ಬಗ್ಗೆ. ಇವರ ಹೆಸರು ನಮ್ಮಲ್ಲಿ ಹೆಚ್ಚು ಜನ ಕೇಳಿಲ್ಲ. ಟೈಟಸ್ ಬ್ರಾಂಡ್ಸ್ಮ, ಡಚ್ಚರು, ಕಾರ್ಮೆಲ್ ಸಭೆಯ ಪಾದ್ರಿ. ಹುಟ್ಟಿದ್ದು 1881ರಲ್ಲಿ. ನೈಮೇಖನ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕರು, ಜೊತೆಗೆ ಪತ್ರಕರ್ತರು; ಓಸ್ ಎಂಬ ಊರಿನ ಸ್ಥಳೀಯ ಪತ್ರಿಕೆಯನ್ನು ಕೆಲಕಾಲ ನಡೆಸಿದವರು. ಮುಂದೆ ಕಥೋಲಿಕ ಪತ್ರಕರ್ತರ ಸಂಘಕ್ಕೆ ಆಧ್ಯಾತ್ಮಿಕ ಸಲಹೆಗಾರರಾದರು. 1940ರಲ್ಲಿ ಹಾಲೆಂಡ್ ಜರ್ಮನಿಯ ವಶವಾಯಿತು. 1941ರ ಕೊನೆಗೆ ಒಂದು ಆದೇಶ ಬಂತು: ಡಚ್ ನಾಜಿ ಪಕ್ಷದ ಜಾಹೀರಾತು, ಪ್ರಕಟಣೆಗಳನ್ನು ಯಾವ ಪತ್ರಿಕೆಯೂ ನಿರಾಕರಿಸುವಂತಿಲ್ಲ.

ಸುದ್ದಿಯಲ್ಲ, ಜಾಹೀರಾತು. ನಮ್ಮಲ್ಲಿ ಯಾರಾದರೂ ಇದನ್ನು ದೊಡ್ಡ ವಿಷಯ ಮಾಡುತ್ತಿದ್ದರೇ? ದುಡ್ಡು ಕೊಡುತ್ತಾರೆ, ಜಾಗ ಕೊಡುತ್ತೇವೆ, ಅದರಲ್ಲಿ ಬರೆದದ್ದಕ್ಕೆ ನಾವು ಹೊಣೆಯಲ್ಲ ಎಂದು ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಹಾಕಿದರೆ ಮುಗಿಯಿತು. ಬ್ರಾಂಡ್ಸ್ಮ ಹಾಗೆ ಎಣಿಸಲಿಲ್ಲ. 60 ದಾಟಿದ, ಮೊದಲೇ ಕಾಯಿಲೆಯ ಮನುಷ್ಯ. 1942ರ ಜನವರಿಯ ಚಳಿಯಲ್ಲಿ, ಆರ್ಚ್‌ಬಿಷಪ್ಪರ ಬೆಂಬಲದ ಸಂದೇಶ ಹಿಡಿದು, ಊರಿಂದೂರಿಗೆ ಹೋಗಿ ಕಥೋಲಿಕ ಸಂಪಾದಕರನ್ನು ಒಬ್ಬೊಬ್ಬರನ್ನಾಗಿ ಕಂಡರು. ದಂಡ ಹಾಕಬಹುದು, ಪತ್ರಿಕೆ ನಿಲ್ಲಿಸಬಹುದು, ಮುಚ್ಚಿಸಲೂಬಹುದು; ಆದರೂ ಇದನ್ನು ಅಚ್ಚುಹಾಕಬೇಡಿ ಎಂದರು. ಬೆಲೆ ತೆರಬೇಕಾದವರು ಸಂಪಾದಕರು. ಅದಕ್ಕಾಗಿಯೇ ಪತ್ರ ಬರೆದು ಸುಮ್ಮನಾಗದೆ ಅವರೆದುರು ಹೋಗಿ ಕುಳಿತರು. ಜನವರಿ 19ರಂದು ಪೊಲೀಸರು ಹಿಡಿದೊಯ್ದರು.

ವಿಚಾರಣೆ ನಡೆಸಿದ ಜರ್ಮನ್ ಅಧಿಕಾರಿ, ನಿಮ್ಮ ಜನ, ಅದರಲ್ಲೂ ಕಥೋಲಿಕರು, ನಾಜಿ ಪಕ್ಷವನ್ನು ಏಕೆ ವಿರೋಧಿಸುತ್ತಾರೆ ಎಂದು ಬರೆದುಕೊಡಲು ಹೇಳಿದ. ಇಂಥ ಜಾಗದಲ್ಲಿ ಯಾರಾದರೂ ನುಣುಚಿಕೊಳ್ಳುವ ಎರಡು ಸಾಲು ಬರೆಯುತ್ತಾರೆ. ಬ್ರಾಂಡ್ಸ್ಮ ಜೈಲಿನ ಕೋಣೆಯಲ್ಲಿ ಕುಳಿತು, ಲೇಖನ ಕೇಳಿದ ಸಂಪಾದಕನಿಗೆ ಬರೆದುಕೊಡುವಷ್ಟೇ ನಿಷ್ಠೆಯಿಂದ, ಕಾರಣಗಳನ್ನೆಲ್ಲ ಬರೆದುಕೊಟ್ಟರು. ಅವರ ಕೊನೆಯ ಒಳ್ಳೆಯ ವರದಿ ಅದೇ ಎಂದು ನಾನು ಎಣಿಸುತ್ತೇನೆ. ಓದುಗ ಒಬ್ಬನೇ, ಅವನೂ ಶತ್ರು. ಜೂನ್ ತಿಂಗಳಲ್ಲಿ ಅವರನ್ನು ಡಾಖಾವ್ ಶಿಬಿರಕ್ಕೆ ಸಾಗಿಸಿದರು. ಜುಲೈ 26ರಂದು ಅಲ್ಲಿನ ಆಸ್ಪತ್ರೆಯಲ್ಲಿ ವಿಷದ ಚುಚ್ಚುಮದ್ದು ಕೊಟ್ಟು ಕೊಂದರು.

ಇದು ನಮಗೆ ತಿಳಿದದ್ದು ಹೇಗೆ? ಚುಚ್ಚಿದ ನರ್ಸೇ ಮುಂದೆ ಚರ್ಚಿನ ವಿಚಾರಣೆಗೆ ಬಂದು ಸಾಕ್ಷಿ ಹೇಳಿದಳು. ಅವಳ ನಿಜ ಹೆಸರನ್ನು ಚರ್ಚ್ ಹೊರಗೆಡಹಲಿಲ್ಲ. ಕೊಲ್ಲುವ ಮುನ್ನ ಆ ಮುದುಕ ತನ್ನ ಕೈಗೆ ತನ್ನದೇ ಜಪಮಾಲೆ ಕೊಟ್ಟ, ಪ್ರಾರ್ಥಿಸಲು ಬರುವುದಿಲ್ಲ ಎಂದರೆ ಪಾಪಿಗಳಾದ ನಮಗಾಗಿ ಬೇಡಿಕೋ ಎಂಬ ಕೊನೆಯ ಭಾಗವನ್ನಾದರೂ ಹೇಳು ಎಂದ ಎಂದು ತಿಳಿಸಿದಳು. ತನ್ನನ್ನೇ ಅಪರಾಧಿಯೆಂದು ತೋರಿಸುವ ಸಾಕ್ಷ್ಯ. 2022ರ ಮೇ 15ರಂದು ಬ್ರಾಂಡ್ಸ್ಮ ಅವರನ್ನು ಸಂತರೆಂದು ಸಾರಿದರು. ಅದೇ ದಿನ, ಅದೇ ವೇದಿಕೆಯಲ್ಲಿ ನಮ್ಮ ತಿರುವಾಂಕೂರು ಸೀಮೆಯ ದೇವಸಹಾಯಂ ಪಿಳ್ಳೈ ಅವರೂ ಸಂತರಾದರು. ನಮ್ಮ ಪತ್ರಿಕೆಗಳಲ್ಲಿ ಅವರ ಸುದ್ದಿ ದೊಡ್ಡದಾಗಿ ಬಂತು, ಪತ್ರಕರ್ತನ ಸುದ್ದಿ ಕೊನೆಯ ಸಾಲಿಗೆ ಹೋಯಿತು.

ಹೊರಗಿನ ಶತ್ರುವಿನೆದುರು ಸತ್ಯ ಹೇಳುವುದು ಕಷ್ಟ, ಆದರೆ ಅಲ್ಲಿ ತಮ್ಮವರ ಬೆಂಬಲವಾದರೂ ಇರುತ್ತದೆ. ತಮ್ಮವರೇ ತಪ್ಪುಗಾರರಾದಾಗ? ಅಮೆರಿಕದ ಲೂಯಿಸಿಯಾನದಲ್ಲಿ 1980ರ ದಶಕದಲ್ಲಿ ಒಬ್ಬ ಪಾದ್ರಿ ಮಕ್ಕಳ ಮೇಲೆ ಎಸಗಿದ ಲೈಂಗಿಕ ಅತ್ಯಾಚಾರ ಬಯಲಿಗೆ ಬಂತು. ಅದರ ಬೆನ್ನುಹತ್ತಿದವರು ಪತ್ರಕರ್ತ ಜೇಸನ್ ಬೆರ್ರಿ, ಬಲಿಪೂಜೆಗೆ ತಪ್ಪದೆ ಹೋಗುವ ಕಥೋಲಿಕರು. 1985ರಲ್ಲಿ ಅದನ್ನು ದೇಶಕ್ಕೆ ತಿಳಿಸಿದ ಪತ್ರಿಕೆ ‘ನ್ಯಾಷನಲ್ ಕ್ಯಾಥೊಲಿಕ್ ರಿಪೋರ್ಟರ್’, ಅದೂ ಕಥೋಲಿಕರೇ ನಡೆಸುವಂಥದ್ದು. ಬಿಷಪ್ಪರು ಗೊತ್ತಿದ್ದೂ ಇಂಥ ಪಾದ್ರಿಗಳನ್ನು ಒಂದು ಚರ್ಚಿನಿಂದ ಇನ್ನೊಂದಕ್ಕೆ ವರ್ಗಮಾಡುತ್ತಿದ್ದಾರೆ ಎಂದು ಅದು ಬರೆಯಿತು. ಮನೆಯ ಮಾತು ಬೀದಿಗೆ ತಂದಿರಿ ಎಂಬ ಬೈಗುಳವೂ ಬಂತು. ಆಗ ಕಿವಿಗೊಟ್ಟಿದ್ದರೆ ಎಷ್ಟು ಮಕ್ಕಳು ಉಳಿಯುತ್ತಿದ್ದರೋ.

ಕಿವಿಗೊಡಿಸಿದ್ದು ಬಾಸ್ಟನ್. 2001ರ ಬೇಸಗೆಯಲ್ಲಿ ‘ಬಾಸ್ಟನ್ ಗ್ಲೋಬ್’ ಪತ್ರಿಕೆಗೆ ಮಾರ್ಟಿ ಬ್ಯಾರನ್ ಎಂಬ ಹೊಸ ಸಂಪಾದಕರು ಬಂದರು. ಯೆಹೂದ್ಯರು, ಊರಿಗೆ ಹೊಸಬರು. ಜಾನ್ ಗೇಗನ್ ಎಂಬ ಪಾದ್ರಿಯ ಮೊಕದ್ದಮೆಯ ಕಡತಗಳಿಗೆ ನ್ಯಾಯಾಲಯ ಮೊಹರು ಹಾಕಿದೆ ಎಂದು ತಿಳಿದಾಗ, ಅದನ್ನು ತೆಗೆಸಲು ನಾವೇಕೆ ಅರ್ಜಿ ಹಾಕಿಲ್ಲ ಎಂದು ಕೇಳಿದರು. ಊರವರಿಗೆ ಹೊಳೆಯದ ಪ್ರಶ್ನೆ ಹೊರಗಿನವರಿಗೆ ಹೊಳೆಯಿತು. ಹೊಳೆದ ಮೇಲೆ ದುಡಿದವರು ಊರವರೇ: ‘ಸ್ಪಾಟ್‌ಲೈಟ್’ ತಂಡದ ವರದಿಗಾರರು ಕಥೋಲಿಕ ಮನೆಗಳಲ್ಲಿ ಬೆಳೆದವರು. ಅವರ ಮೊದಲ ವರದಿ 2002ರ ಜನವರಿ 6ರಂದು ಬಂತು. ಮೂರು ದಶಕಗಳಲ್ಲಿ ಆರೇಳು ಚರ್ಚುಗಳನ್ನು ಸುತ್ತಿದ ಆ ಒಬ್ಬ ಪಾದ್ರಿಯ ಮೇಲೆ 130ಕ್ಕೂ ಹೆಚ್ಚು ಮಂದಿ ದೂರಿದ್ದರು. ಡಿಸೆಂಬರಿನಲ್ಲಿ ಬಾಸ್ಟನ್ನಿನ ಆರ್ಚ್‌ಬಿಷಪ್ ಕಾರ್ಡಿನಲ್ ಬರ್ನಾರ್ಡ್ ಲಾ ರಾಜೀನಾಮೆ ಕೊಟ್ಟರು. ಈ ಕಥೆಯ ಮೇಲಿನ ಸಿನಿಮಾಕ್ಕೆ ಆಸ್ಕರ್ ಬಂದದ್ದು ನಿಮಗೆ ನೆನಪಿರಬಹುದು. ನನಗೆ ಅದರಲ್ಲಿ ಹೆಚ್ಚು ಹಿಡಿಸಿದ್ದು ಪತ್ರಿಕೆಗೇ ಮುಜುಗರ ತರುವ ಒಂದು ಭಾಗ. ಸುಮಾರು 20 ಪಾದ್ರಿಗಳ ಸುಳಿವು ಎಷ್ಟೋ ವರ್ಷ ಮೊದಲೇ ಅದೇ ಪತ್ರಿಕೆಗೆ ಸಿಕ್ಕಿತ್ತು. ಒಳಪುಟದಲ್ಲಿ ಹಾಕಿ ಕೈಬಿಟ್ಟಿದ್ದರು. ತಂಡದ ಮುಖ್ಯಸ್ಥನೇ ಆಗ ಸ್ಥಳೀಯ ಸುದ್ದಿಯ ವಿಭಾಗ ನೋಡಿಕೊಳ್ಳುತ್ತಿದ್ದವನು. ಪೇತ್ರನ ಪ್ರಸಂಗವನ್ನು ಅವರೂ ಬಿಡಲಿಲ್ಲ.

2019ರ ಫೆಬ್ರವರಿಯಲ್ಲಿ ಈ ಪಿಡುಗಿನ ಬಗ್ಗೆ ವ್ಯಾಟಿಕನ್ನಿನಲ್ಲಿ ಜಗತ್ತಿನ ಬಿಷಪ್ಪರ ಸಭೆ ಸೇರಿತು. ದಶಕಗಳಿಂದ ಅಲ್ಲಿ ವರದಿಗಾರ್ತಿಯಾಗಿದ್ದ ಮೆಕ್ಸಿಕೋದ ವಾಲೆಂಟಿನಾ ಅಲಜ್ರಾಕಿ ಅವರನ್ನು ಮಾತಿಗೆ ಕರೆದಿದ್ದರು. ತಪ್ಪೆಸಗಿದವರನ್ನೂ ಮುಚ್ಚಿಹಾಕಿದವರನ್ನೂ ನೀವು ನಮ್ಮಷ್ಟೇ ವಿರೋಧಿಸಿದರೆ ನಾವೂ ನೀವೂ ಒಂದೇ ಕಡೆ. ಇಲ್ಲದಿದ್ದರೆ ನಮಗಿಂತ ಕೆಟ್ಟ ವೈರಿಗಳು ನಿಮಗಿಲ್ಲ ಎಂಬರ್ಥದಲ್ಲಿ ಅವರು ಮುಖಕ್ಕೇ ಹೇಳಿದರು. 2021ರ ನವೆಂಬರಿನಲ್ಲಿ ಅಲಜ್ರಾಕಿ ಅವರಿಗೊಂದು ಗೌರವ ಸಲ್ಲಿಸುತ್ತ ಪೋಪ್ ಫ್ರಾನ್ಸಿಸ್, ಚರ್ಚಿನಲ್ಲಿ ಏನು ಕೆಟ್ಟಿದೆ ಎಂದು ತೋರಿಸಿಕೊಟ್ಟದ್ದಕ್ಕೆ ಪತ್ರಕರ್ತರಿಗೆ ಕೃತಜ್ಞತೆ ಹೇಳಿದರು.

ಅಲಜ್ರಾಕಿ ಮಾತಾಡಿದ ಆ ಸಭೆಯಲ್ಲಿ ಯಾರಾದರೂ ಭಾರತೀಯ ಬಿಷಪ್ ಎದ್ದು ನಮ್ಮ ಕಸುಬಿನವರಿಗೆ ಮರುಪ್ರಶ್ನೆ ಹಾಕಿದ್ದರೆ ಅವರ ಕೈಗೆ ಸಾಮಗ್ರಿಯಿತ್ತು. 2009ರ ಚುನಾವಣೆಗಳಲ್ಲಿ ನಮ್ಮ ಪತ್ರಿಕೆಗಳು ಅಭ್ಯರ್ಥಿಗಳಿಂದ ದುಡ್ಡು ಪಡೆದು ಜಾಹೀರಾತನ್ನು ಸುದ್ದಿಯೆಂದು ಅಚ್ಚುಹಾಕಿದ ಆರೋಪ ಬಂತು. ಭಾರತೀಯ ಪತ್ರಿಕಾ ಮಂಡಳಿ ಪರಂಜಯ್ ಗುಹಾ ಠಾಕುರ್ತಾ, ಕೆ. ಶ್ರೀನಿವಾಸ ರೆಡ್ಡಿ ಎಂಬ ಇಬ್ಬರು ಸದಸ್ಯರ ಉಪಸಮಿತಿ ನೇಮಿಸಿತು. ಅವರು ಊರೂರಲ್ಲಿ ವಿಚಾರಿಸಿ, ಪತ್ರಿಕೆಗಳ ಹೆಸರು ಹಿಡಿದು, 71 ಪುಟಗಳ ವರದಿ ಕೊಟ್ಟರು. 2010ರ ಜುಲೈಯಲ್ಲಿ ಮಂಡಳಿ ಪ್ರಕಟಿಸಿದ್ದು ಆ ಹೆಸರುಗಳಿಲ್ಲದ ಒಂದು ಚಿಕ್ಕ ವರದಿಯನ್ನು. ಪೂರ್ತಿ ವರದಿ ದಫ್ತರದಲ್ಲಿರಲಿ ಎಂದಿತು. ಬಾಸ್ಟನ್ನಿನ ಕಡತಕ್ಕೆ ನ್ಯಾಯಾಲಯದ ಮೊಹರಿತ್ತು. ಇದಕ್ಕೆ ಮೊಹರು ಹಾಕಿದವರು ನಾವೇ. 2011ರಲ್ಲಿ ಕೇಂದ್ರ ಮಾಹಿತಿ ಆಯೋಗ ಆದೇಶಿಸಿದ ಮೇಲೆ ಅದು ಹೊರಬಂತು. ಹೊರಬಂದ ಮೇಲಾದರೂ ಅದನ್ನು ಹೆಸರುಗಳ ಸಮೇತ ಮುಖಪುಟದಲ್ಲಿ ಹಾಕಿದ ಪತ್ರಿಕೆಗಳು ಎಷ್ಟು ಎಂದು ನಿಮ್ಮ ಮನೆಗೆ ಬರುವ ಪತ್ರಿಕೆಯ ಸಂಪಾದಕರನ್ನು ಒಂದು ಕಾರ್ಡು ಬರೆದು ಕೇಳಿ.